ಅರ್ಕಾವತಿಯ ನೀರು, ಮೂರು ಬಗೆಯ ಸಂಶೋಧನೆ

(ದೊಡ್ಡಬಳ್ಳಾಪುರದಲ್ಲಿ ಮಗ್ಗದ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಸಂಶೋಧನೆ ಎಂಬ ಮಾತು ಕಿವಿಗೆ ಬಿದ್ದೊಡನೆ ಅದು ನಮ್ಮಂಥವರಿಗೆ ಸೇರಿದ್ದಲ್ಲವೆಂದು ಎದ್ದು ಹೋಗುವ ಅಭ್ಯಾಸ ನಮ್ಮಲ್ಲುಂಟು. ಬೆಳಗಿನಿಂದ ರಾತ್ರಿಯವರೆಗೆ ಮಗ್ಗದ ಮುಂದೆ ನಿಲ್ಲುವವನಿಗೆ, ಪೇಟೆಯಲ್ಲಿ ಅಂಗಡಿಯ ಬಾಗಿಲು ತೆಗೆದು ಕೂರುವವನಿಗೆ, ಪ್ರೊಫೆಸರುಗಳು ಬರೆದ ಪ್ರಬಂಧದಿಂದ ಆಗಬೇಕಾದುದೇನು ಎಂದು ಹಲವರು ಕೇಳುವರು. ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ಉತ್ತರ ಹೇಳಲು ನಾವು ದೂರ ಹೋಗುವುದಿಲ್ಲ. ನಮ್ಮ ಊರಿನ ಪಕ್ಕದಲ್ಲಿಯೇ ಇರುವ ಅರ್ಕಾವತಿಯನ್ನು ಹಿಡಿದು ಮಾತನಾಡುತ್ತೇವೆ.

ನಮ್ಮ ಸುತ್ತಮುತ್ತ ಸಂಶೋಧನೆಯ ಮನೆಗಳಿಗೆ ಕೊರತೆಯಿಲ್ಲ. ಜನರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆ 1909ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು. ಅದಕ್ಕೆ 371 ಎಕರೆ ಭೂಮಿಯನ್ನು ಕೊಟ್ಟದ್ದು ಮೈಸೂರು ಸಂಸ್ಥಾನ. 1917ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಇಂಜಿನಿಯರಿಂಗ್ ಕಾಲೇಜು ಬಂತು. ಕರ್ನಾಟಕದ ಶಾಸನಸಭೆ 1986ರಲ್ಲಿ ಮಾಡಿದ ಕಾಯಿದೆಯಿಂದ ರಾಷ್ಟ್ರೀಯ ಕಾನೂನು ಶಾಲೆ ಹುಟ್ಟಿತು. ವಿಜ್ಞಾನ, ಇಂಜಿನಿಯರಿಂಗ್, ನ್ಯಾಯಶಾಸ್ತ್ರ ಈ ಮೂರೂ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರದಲ್ಲಿವೆ. ಇವುಗಳ ವೆಚ್ಚದ ಬಹುಭಾಗ ಸಾರ್ವಜನಿಕರ ಹಣ. ನಾವು ಕೊಳ್ಳುವ ಬೆಂಕಿಪೆಟ್ಟಿಗೆಯ ಮೇಲಿನ ತೆರಿಗೆಯೂ ಅದರಲ್ಲಿ ಸೇರಿದೆ. ಆದುದರಿಂದ ಅಲ್ಲಿ ನಡೆಯುವ ಕೆಲಸವೇನೆಂದು ತಿಳಿದುಕೊಳ್ಳುವ ಹಕ್ಕು ನಮಗುಂಟು.

ಈ ಮೂರನ್ನೂ ಒಂದೇ ಹೆಸರಿನಿಂದ ಕರೆದರೂ ಮೂರರ ಕೆಲಸ ಬೇರೆ ಬೇರೆ. ವಿಜ್ಞಾನಿ ಕೇಳುವುದು, ಇದು ಏಕೆ ಹೀಗಾಯಿತು ಎಂದು. ಇಂಜಿನಿಯರು ಕೇಳುವುದು, ಇದನ್ನು ಸರಿಪಡಿಸುವುದು ಹೇಗೆ, ಎಷ್ಟು ಖರ್ಚಿನಲ್ಲಿ ಎಂದು. ನ್ಯಾಯಶಾಸ್ತ್ರಜ್ಞ ಕೇಳುವುದು, ಇದು ಯಾರ ಹಕ್ಕು, ಯಾರ ಹೊಣೆ, ರುಜುವಾತು ಕೊಡಬೇಕಾದವರು ಯಾರು ಎಂದು. ಒಬ್ಬನ ಪ್ರಶ್ನೆಗೆ ಇನ್ನೊಬ್ಬನಿಂದ ಉತ್ತರ ನಿರೀಕ್ಷಿಸಿದರೆ ಮೋಸ ಹೋಗುತ್ತೇವೆ. ಮೂವರಲ್ಲಿ ಒಬ್ಬನು ಇಲ್ಲದಿದ್ದರೂ ಕೆಲಸ ಕೆಡುತ್ತದೆ. ಇದನ್ನೇ ಇಂದು ಉದಾಹರಣೆ ಸಹಿತ ತೋರಿಸಬೇಕೆಂದಿದ್ದೇವೆ.

ಅರ್ಕಾವತಿ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ನಮ್ಮ ತಾಲ್ಲೂಕಿನ ಕೆರೆಗಳನ್ನು ಒಂದಾದ ಮೇಲೊಂದು ತುಂಬಿಸಿಕೊಂಡು ಹೆಸರಘಟ್ಟದ ಕಡೆಗೆ ಹೋಗುತ್ತಿತ್ತು. 1890ರ ದಶಕದಲ್ಲಿ ಬೆಂಗಳೂರಿಗೆ ಮೊದಲು ಕೊಳಾಯಿ ನೀರು ಹೋದದ್ದು ಹೆಸರಘಟ್ಟದಿಂದ. 1933ರಲ್ಲಿ ಇನ್ನೂ ಕೆಳಗೆ, ಕುಮುದ್ವತಿ ಬಂದು ಸೇರುವ ತಿಪ್ಪಗೊಂಡನಹಳ್ಳಿಯಲ್ಲಿ ಚಾಮರಾಜಸಾಗರ ಕಟ್ಟಿದರು. ಅಂದರೆ ನಮ್ಮ ಹಳ್ಳಕೊಳ್ಳಗಳ ನೀರು ಕುಡಿದು ಬೆಂಗಳೂರು ಬೆಳೆಯಿತು. 1970ರ ದಶಕದಿಂದೀಚೆಗೆ ಆ ಜಲಾಶಯಕ್ಕೆ ಬರುವ ನೀರು ಕುಗ್ಗುತ್ತ ಬಂತು. ಇಂದು ನಮ್ಮ ಬೀದಿಗಳಲ್ಲಿ ಬೋರ್‌ವೆಲ್ ಬತ್ತಿದ ಮನೆಯವರು ಟ್ಯಾಂಕರಿಗೆ ಹಣ ಕೊಟ್ಟು ಕಾಯುವರು. ನದಿ ಏಕೆ ಬತ್ತಿತು?

ಮಳೆ ಕಡಿಮೆಯಾಯಿತು ಎಂಬುದು ಎಲ್ಲರ ಬಾಯಲ್ಲಿ ಬರುವ ಉತ್ತರ. ಅದು ಅನುಕೂಲದ ಉತ್ತರವೂ ಹೌದು. ಮಳೆರಾಯನ ಮೇಲೆ ಹಾಕಿದರೆ ಯಾರನ್ನೂ ಪ್ರಶ್ನಿಸಬೇಕಾಗಿಲ್ಲ. ಬೆಂಗಳೂರಿನ ಏಟ್ರೀ ಎಂಬ ಸಂಸ್ಥೆಯ ವೀಣಾ ಶ್ರೀನಿವಾಸನ್, ಶರಚ್ಚಂದ್ರ ಲೇಲೆ ಮೊದಲಾದವರು ಹೊರದೇಶದ ಸಹೋದ್ಯೋಗಿಗಳೊಡನೆ ಸೇರಿ ಈ ಪ್ರಶ್ನೆಯನ್ನೇ ಕೈಗೆತ್ತಿಕೊಂಡು 2015ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅವರು ಕೆಲಸ ಮಾಡಿದ ರೀತಿಯನ್ನು ನಾವು ಗಮನಿಸಬೇಕು. ಮೊದಲೇ ಒಂದು ಕಾರಣವನ್ನು ನಂಬಿ ಅದಕ್ಕೆ ಸಾಕ್ಷಿ ಹುಡುಕಲಿಲ್ಲ. ಮಳೆ ಕಡಿಮೆಯಾಗಿರಬಹುದು, ಬಿಸಿಲು ಏರಿರಬಹುದು, ಅಂತರ್ಜಲವನ್ನು ಎತ್ತಿದ್ದರಿಂದ ಇರಬಹುದು, ನೀಲಗಿರಿ ತೋಪುಗಳಿಂದ ಇರಬಹುದು, ಹಳ್ಳಗಳಿಗೆ ಅಡ್ಡಲಾಗಿ ಕಟ್ಟಿದ ಒಡ್ಡುಗಳಿಂದ ಇರಬಹುದು ಎಂದು ಐದು ಅನುಮಾನಗಳನ್ನು ಸಾಲಾಗಿ ನಿಲ್ಲಿಸಿ ಒಂದೊಂದನ್ನೂ ಪರೀಕ್ಷಿಸಿದರು. ಮಳೆ ಮತ್ತು ಬಿಸಿಲಿನ ಮೇಲಿನ ಆರೋಪ ನಿಲ್ಲಲಿಲ್ಲ. ಅಂತರ್ಜಲವನ್ನು ಮಿತಿಮೀರಿ ಎತ್ತಿದ್ದು ಮತ್ತು ನೀಲಗಿರಿ ಹಬ್ಬಿದ್ದು ಮುಖ್ಯ ಕಾರಣಗಳೆಂದೂ, ಒಡ್ಡುಗಳ ಪಾಲು ಅದಕ್ಕಿಂತ ಕಡಿಮೆಯೆಂದೂ ಅವರು ಕಂಡರು.

ನೀಲಗಿರಿಯ ವಿಷಯ ಇದಕ್ಕೂ ಹಳೆಯದು. 1980ರ ದಶಕದಲ್ಲಿ ಕೋಲಾರ, ತುಮಕೂರು, ಬೆಂಗಳೂರು ಸೀಮೆಗಳಲ್ಲಿ ರಾಗಿ ಬೆಳೆಯುತ್ತಿದ್ದ ಹೊಲಗಳು ನೀಲಗಿರಿ ತೋಪುಗಳಾದವು. ಈ ಮರ ಬಾವಿಯ ನೀರು ಕುಡಿಯುತ್ತದೆ ಎಂದು ರೈತರು ಕೂಗಿದರು. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ಸಸಿಗಳನ್ನು ಕಿತ್ತರು. ಅದು ಮೂಢನಂಬಿಕೆ ಎಂದು ಕೆಲವು ಅರಣ್ಯಾಧಿಕಾರಿಗಳು ಹೇಳಿದರು. ಎರಡು ಕಡೆಯೂ ಕೂಗಾಟವಿತ್ತು, ಅಳತೆ ಇರಲಿಲ್ಲ.

ಅಳತೆ ಮಾಡಿದ್ದು ನಮ್ಮ ಹೊಸಕೋಟೆಯಲ್ಲಿಯೇ. ಬ್ರಿಟನ್ನಿನ ಜಲವಿಜ್ಞಾನಿ ಇಯಾನ್ ಕಾಲ್ಡರ್ ಮತ್ತು ನಮ್ಮ ರಾಜ್ಯದವರು ಸೇರಿ, ಹೊಸಕೋಟೆಯಲ್ಲಿ ಹಾಗೂ ಶಿವಮೊಗ್ಗದ ಕಡೆಯ ತೋಪುಗಳಲ್ಲಿ ಮರಗಳು ಕುಡಿಯುವ ನೀರನ್ನು ವರ್ಷಗಟ್ಟಲೆ ಅಳೆದರು. ನೆಲದೊಳಕ್ಕೆ ಕೊಳವೆ ಇಳಿಸಿ, ಯಾವ ಆಳದಲ್ಲಿ ಎಷ್ಟು ತೇವವಿದೆ ಎಂದು ಉಪಕರಣದಿಂದ ಮತ್ತೆ ಮತ್ತೆ ನೋಡಿದರು. ಹೊಸಕೋಟೆಯಲ್ಲಿ ಮಳೆ ಕಡಿಮೆಯಿದ್ದ ಮೂರು ವರ್ಷಗಳಲ್ಲಿ ಒಟ್ಟು 2100 ಮಿಲಿಮೀಟರ್ ಮಳೆ ಬಿದ್ದರೆ, ನೀಲಗಿರಿ ಸುಮಾರು 3400 ಮಿಲಿಮೀಟರ್ ನೀರನ್ನು ಬಳಸಿತ್ತು. ಅಂಗಡಿ ನಡೆಸುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಆದಾಯ 2100, ಖರ್ಚು 3400. ಉಳಿದ 1300 ಬಂದದ್ದು ಬಂಡವಾಳದಿಂದ; ಅಂದರೆ ಹಿಂದಿನ ವರ್ಷಗಳ ಮಳೆಯಿಂದ ಮಣ್ಣಿನ ಆಳದಲ್ಲಿ ಕೂಡಿಟ್ಟಿದ್ದ ತೇವದಿಂದ. ಎಳೆಯ ಮರದ ಬೇರು ವರ್ಷಕ್ಕೆ ಎರಡೂವರೆ ಮೀಟರಿಗಿಂತ ಹೆಚ್ಚು ಕೆಳಕ್ಕಿಳಿದು ಆ ಗಂಟನ್ನು ಬಿಚ್ಚುತ್ತಿತ್ತು. ರಾಗಿ ಬಳಸುವ ನೀರಿಗೆ ಹೋಲಿಸಿದರೆ ತೋಪು ಬಳಸಿದ್ದು ಸುಮಾರು ಎರಡರಷ್ಟು.

ಇದೇ ಸಂಶೋಧಕರು ಇನ್ನೊಂದನ್ನೂ ಕಂಡರು. ಶಿವಮೊಗ್ಗದ ಕಡೆ, ಮಣ್ಣಿನ ಆಳ ಅಷ್ಟಿಲ್ಲದ ಜಾಗದಲ್ಲಿ, ನೀಲಗಿರಿ ಬಳಸಿದ ನೀರು ಅಲ್ಲಿನ ಕುರುಚಲು ಕಾಡು ಬಳಸುವುದಕ್ಕಿಂತ ಹೆಚ್ಚಾಗಿರಲಿಲ್ಲ. ಎಂದರೆ ರೈತರು ಹೇಳಿದ್ದು ಹೊಸಕೋಟೆಯ ಆಳವಾದ ಕೆಂಪು ಮಣ್ಣಿಗೆ ನಿಜ. ಎಲ್ಲ ಕಡೆಗೂ ಅಷ್ಟೇ ನಿಜವಲ್ಲ. ವಿಜ್ಞಾನದ ಉತ್ತರ ಯಾವಾಗಲೂ ಹೀಗೆ ಎಲ್ಲೆ ಕಟ್ಟಿಕೊಂಡು ಬರುತ್ತದೆ. ವಿಜ್ಞಾನಿ ‘ಇಂಥ ಮಣ್ಣಿನಲ್ಲಿ, ಇಂಥ ಮಳೆಯಲ್ಲಿ’ ಎಂದು ತಡೆದು ಮಾತನಾಡಿದರೆ ಜಾರಿಕೊಳ್ಳುತ್ತಿದ್ದಾನೆಂದು ನಾವು ತಿಳಿಯಕೂಡದು. ಎಲ್ಲೆಯಿಲ್ಲದ ಉತ್ತರ ಕೊಡುವವನನ್ನೇ ಸಂಶಯದಿಂದ ನೋಡಬೇಕು.

ಈ ಅಳತೆ 1997ರಲ್ಲಿ ಪ್ರಕಟವಾಯಿತು. ಹೊಸದಾಗಿ ನೀಲಗಿರಿ ಬೆಳೆಸಕೂಡದೆಂದು ರಾಜ್ಯ ಸರ್ಕಾರ ಆದೇಶ ಮಾಡಿದ್ದು 2017ರಲ್ಲಿ. ನಡುವೆ ಇಪ್ಪತ್ತು ವರ್ಷ. ಸತ್ಯ ತಿಳಿದ ಮಾತ್ರಕ್ಕೆ ಕೆಲಸ ಆಗಿಬಿಡುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಕಿಲ್ಲ.

ಇನ್ನು ಇಂಜಿನಿಯರಿಂಗಿಗೆ ಬರೋಣ. ಕಾರಣ ತಿಳಿದ ಮೇಲೆ ಮಾಡುವುದೇನು ಎಂಬುದು ಅಲ್ಲಿನ ಪ್ರಶ್ನೆ. ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ 1974ರಲ್ಲಿ ಎ. ಕೆ. ಎನ್. ರೆಡ್ಡಿಯವರು ‘ಅಸ್ತ್ರ’ ಎಂಬ ವಿಭಾಗವನ್ನು ಹಳ್ಳಿಗಳಿಗೆ ಬೇಕಾದ ತಂತ್ರಕ್ಕಾಗಿ ಆರಂಭಿಸಿದರು. ಹೊಗೆಯಿಲ್ಲದ ಅಸ್ತ್ರ ಒಲೆ ಅಲ್ಲಿಂದಲೇ ಬಂದದ್ದು. ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಅವರು ಊರಿಗೆಲ್ಲ ಸೇರಿದ ಒಂದು ಗೋಬರ್ ಅನಿಲದ ಸ್ಥಾವರ ಕಟ್ಟಿದರು. ಅಡುಗೆಗೆ ಅನಿಲ ಕೊಡುವುದು ಮೊದಲಿನ ಯೋಚನೆ. ಅದು ನಡೆಯಲಿಲ್ಲ. ಜನರಿಗೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಕುಡಿಯುವ ನೀರೆಂದು ಆಮೇಲೆ ತಿಳಿಯಿತು. 1987ರಿಂದ ಅದೇ ಅನಿಲದಿಂದ ಇಂಜಿನ್ ಓಡಿಸಿ, ವಿದ್ಯುತ್ ಮಾಡಿ, ಬೋರ್‌ವೆಲ್ಲಿನ ನೀರನ್ನು ಮನೆಗಳಿಗೆ ಹರಿಸಿ ದೀಪ ಹಚ್ಚಿದಾಗ ಊರಿನವರು ಸಗಣಿ ತಂದು ಹಾಕಲು ಮುಂದೆ ಬಂದರು. ಯಂತ್ರ ಬಳಸುವವನನ್ನು ಮೊದಲು ಕೇಳದ ಇಂಜಿನಿಯರಿಂಗ್ ಅರ್ಧಕ್ಕೇ ನಿಲ್ಲುತ್ತದೆ. ಮಗ್ಗ ನಡೆಸುವ ನಿಮಗೆ ಇದು ನಮಗಿಂತ ಚೆನ್ನಾಗಿ ಗೊತ್ತು.

ಈಗ ನಮ್ಮ ಸೀಮೆಯಲ್ಲಿ ಇಂಜಿನಿಯರುಗಳ ಮುಂದಿರುವ ದೊಡ್ಡ ಪ್ರಶ್ನೆ ಕೊಳಚೆ ನೀರಿನದು. ಬೆಂಗಳೂರು ಬಳಸಿ ಬಿಟ್ಟ ನೀರನ್ನು ಶುದ್ಧಿಮಾಡಿ ಬರಡು ಜಿಲ್ಲೆಗಳ ಕೆರೆಗಳಿಗೆ ಹಾಯಿಸುವ ಯೋಜನೆಗಳು ನಡೆದಿವೆ. ಕೋರಮಂಗಲ ಚಲ್ಲಘಟ್ಟ ಕಣಿವೆಯಿಂದ ಕೋಲಾರಕ್ಕೆ ದಿನಕ್ಕೆ 440 ದಶಲಕ್ಷ ಲೀಟರ್ ಕಳಿಸುವುದೆಂದು ಯೋಜಿಸಿದರು. ಹೆಬ್ಬಾಳ ನಾಗವಾರ ಕಣಿವೆಯ ನೀರು ಚಿಕ್ಕಬಳ್ಳಾಪುರಕ್ಕೂ ದೇವನಹಳ್ಳಿಯ ಕಡೆಗೂ ಬರುತ್ತದೆ. 2018ರಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ನೀರು ಬಂದ ಕೆಲವೇ ವಾರಗಳಲ್ಲಿ ನೊರೆ ಕಂಡಿತು. ಆ ವರ್ಷದ ಜುಲೈ ತಿಂಗಳಲ್ಲಿ ಹೈಕೋರ್ಟು ತಡೆಯಾಜ್ಞೆ ಕೊಟ್ಟಿತು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅಲ್ಲಿನ ವಾದವೇನು? ಎರಡನೆಯ ಹಂತದವರೆಗೆ ಶುದ್ಧಿಮಾಡಿದರೆ ಸಾಕು ಎಂದು ಸರ್ಕಾರ. ಮೂರನೆಯ ಹಂತವೂ ಆಗಬೇಕು ಎಂದು ರೈತ ಹೋರಾಟಗಾರರು. ಎರಡನೆಯ ಹಂತದಲ್ಲಿ ಕೊಳೆತ ಪದಾರ್ಥವನ್ನು ಸೂಕ್ಷ್ಮಜೀವಿಗಳಿಂದ ತಿನ್ನಿಸಿ ತೆಗೆಯುವರು. ಸಾರಜನಕ, ರಂಜಕಗಳು ಬಹಳಮಟ್ಟಿಗೆ ಉಳಿದುಬಿಡಬಹುದು. ಮೂರನೆಯ ಹಂತ ಅವುಗಳನ್ನೂ ತೆಗೆಯಲು, ಖರ್ಚು ಹೆಚ್ಚು. ನೀರು ಬಂದದ್ದರಿಂದ ಎಷ್ಟೋ ಬತ್ತಿದ ಬಾವಿಗಳಲ್ಲಿ ಮತ್ತೆ ನೀರು ಕಂಡಿತು ಎಂಬುದೂ ನಿಜ; ಆ ನೀರಿನ ಗುಣವೇನು ಎಂಬ ಪ್ರಶ್ನೆಯೂ ನಿಜ.

ಖರ್ಚು ಕಡಿಮೆಯ ದಾರಿಗಳನ್ನು ಹುಡುಕುವುದೂ ಇಂಜಿನಿಯರಿಂಗ್ ಸಂಶೋಧನೆಯೇ. ಯಲಹಂಕದ ಬಳಿಯ ಜಕ್ಕೂರು ಕೆರೆಗೆ ಶುದ್ಧೀಕರಣ ಸ್ಥಾವರದ ನೀರು ನೇರವಾಗಿ ಬೀಳುವುದಿಲ್ಲ. ನಡುವೆ ಜೊಂಡು ಬೆಳೆದ ಜೌಗು ಪ್ರದೇಶವನ್ನು ಹಾದು ಬರುತ್ತದೆ. ಉಳಿದ ಸಾರಜನಕ, ರಂಜಕಗಳಲ್ಲಿ ಒಂದು ಪಾಲನ್ನು ಆ ಗಿಡಗಳು ಹೀರಿಕೊಳ್ಳುವುದನ್ನು ಟಾಟಾ ಇನ್‌ಸ್ಟಿಟ್ಯೂಟಿನವರು ಅಳೆದು ನೋಡಿದ್ದಾರೆ. ಗಿಡಗಳನ್ನು ಕಾಲಕಾಲಕ್ಕೆ ಕೊಯ್ದು ತೆಗೆಯದಿದ್ದರೆ ಅವೇ ಕೊಳೆತು ನೀರಿಗೆ ಮರಳುತ್ತವೆ. ಆದುದರಿಂದ ಯಾರು ಕೊಯ್ಯಬೇಕು, ಅವರ ಕೂಲಿ ಎಲ್ಲಿಂದ ಬರಬೇಕು ಎಂಬುದೂ ಯೋಜನೆಯ ಒಂದು ಭಾಗ.

ಮೂರನೆಯದು ನ್ಯಾಯಶಾಸ್ತ್ರ. ವಕೀಲರು ಸಂಶೋಧನೆ ಮಾಡುವುದೇನು ಬಂತು, ಕಾಯಿದೆ ಪುಸ್ತಕದಲ್ಲಿಯೇ ಇದೆಯಲ್ಲ ಎಂದು ಕೇಳುವವರುಂಟು. ಪುಸ್ತಕದಲ್ಲಿರುವುದು ಅಲ್ಲಿಗೆ ಹೇಗೆ ಬಂತು, ಅದು ಇನ್ನೂ ಅಲ್ಲಿರಬೇಕೆ ಎಂದು ಹುಡುಕುವುದೇ ಅವರ ಸಂಶೋಧನೆ. ಒಂದು ಹಳೆಯ ಮೊಕದ್ದಮೆಯನ್ನು ಹೇಳುತ್ತೇವೆ. ಗಿರಣಿಯವರಾದ ನಿಮಗೆ ಅದು ಅರ್ಥವಾಗುತ್ತದೆ. ಇಂಗ್ಲೆಂಡಿನಲ್ಲಿ ಒಬ್ಬನು ತನ್ನ ಹತ್ತಿ ಗಿರಣಿಗೆ ಬಾವಿಯ ನೀರನ್ನು ಬಳಸುತ್ತಿದ್ದ. ಸ್ವಲ್ಪ ದೂರದಲ್ಲಿ ಬೇರೆಯವರು ಕಲ್ಲಿದ್ದಲ ಗಣಿ ತೋಡಿದರು. ಗಿರಣಿಯ ಬಾವಿ ಬತ್ತಿತು. ಗಿರಣಿಯವನು ಕೋರ್ಟಿಗೆ ಹೋದ. 1843ರಲ್ಲಿ ತೀರ್ಪಾಯಿತು: ನೆಲದ ಒಡೆಯ ತನ್ನ ನೆಲದಡಿಯ ನೀರನ್ನು ತೆಗೆದುಕೊಳ್ಳಬಹುದು, ನೆರೆಯವನ ಬಾವಿ ಬತ್ತಿದರೆ ಪರಿಹಾರವಿಲ್ಲ. ಕೊಟ್ಟ ಕಾರಣಗಳಲ್ಲಿ ಒಂದು, ನೆಲದೊಳಗಿನ ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತದೆಂದು ಯಾರಿಗೂ ಕಾಣದು ಎಂಬುದು. ಈ ತತ್ವ ಭಾರತದ 1882ರ ಕಾಯಿದೆಯೊಂದರಲ್ಲಿಯೂ ಸೇರಿಕೊಂಡಿತು. ನಾನೂರು ಅಡಿ ಹೋದರೆ ನೀನು ಎಂಟುನೂರು ಅಡಿ ಹೋಗು ಎಂಬ ಬೋರ್‌ವೆಲ್ಲಿನ ಪೈಪೋಟಿಗೆ ಅಡಿಗಲ್ಲು ಇದೇ. ಹಣವುಳ್ಳವನ ಕೊಳವೆ ಆಳಕ್ಕೆ ಹೋಗುತ್ತದೆ. ಇಲ್ಲದವನ ಬಾವಿ ಒಣಗುತ್ತದೆ.

ಇಲ್ಲಿ ಯೋಚಿಸಿ. ಆ ನಿಯಮ ನಿಂತದ್ದು ಒಂದು ಅಜ್ಞಾನದ ಮೇಲೆ. ನೆಲದೊಳಗಿನ ನೀರನ್ನು ಅಳೆಯುವುದನ್ನು ವಿಜ್ಞಾನ ಕಲಿತು ಬಹುಕಾಲವಾಯಿತು. ಹೊಸಕೋಟೆಯಲ್ಲಿ ಅಳೆದರು, ಅರ್ಕಾವತಿಯಲ್ಲಿ ಅಳೆದರು. ಅಜ್ಞಾನ ಹೋದರೂ ಅದರ ಮೇಲೆ ಕಟ್ಟಿದ ನಿಯಮ ಉಳಿಯಿತು. ಇಂಥ ನಿಯಮಗಳನ್ನು ಗುರುತಿಸಿ, ಬದಲಿ ತೋರಿಸುವ ಕೆಲಸ ನ್ಯಾಯಶಾಸ್ತ್ರದ ಸಂಶೋಧಕರದು.

ಅಂಥ ಕೆಲಸ ಫಲ ಕೊಟ್ಟದ್ದುಂಟು. 1970ರಲ್ಲಿ ಅಮೆರಿಕದ ಜೋಸೆಫ್ ಸ್ಯಾಕ್ಸ್ ಎಂಬ ಕಾನೂನು ಪ್ರಾಧ್ಯಾಪಕರು ಒಂದು ಪ್ರಬಂಧ ಬರೆದರು. ನದಿ, ಸಮುದ್ರತೀರ ಮುಂತಾದವು ಜನರ ಪರವಾಗಿ ಸರ್ಕಾರದ ಕೈಯಲ್ಲಿರುವ ನಂಬಿಕೆಯ ಆಸ್ತಿ, ಅದನ್ನು ಖಾಸಗಿಯವರಿಗೆ ಮನಬಂದಂತೆ ಕೊಡಲು ಸರ್ಕಾರಕ್ಕೂ ಅಧಿಕಾರವಿಲ್ಲ ಎಂಬ ಹಳೆಯ ತತ್ವವನ್ನು ಅವರು ಅದರಲ್ಲಿ ಹೊಸದಾಗಿ ವಿವರಿಸಿದರು. 1996ರ ಡಿಸೆಂಬರಿನಲ್ಲಿ ಹಿಮಾಚಲದ ಬಿಯಾಸ್ ನದಿಯ ಮೊಕದ್ದಮೆಯಲ್ಲಿ ನಮ್ಮ ಸುಪ್ರೀಂ ಕೋರ್ಟು ಆ ಪ್ರಬಂಧವನ್ನು ಆಧಾರವಾಗಿ ಎತ್ತಿಕೊಂಡು, ಈ ತತ್ವ ಭಾರತದ ಕಾನೂನಿನ ಭಾಗವೆಂದು ಸಾರಿತು. 2001ರಲ್ಲಿ ಅದೇ ಕೋರ್ಟು ಊರ ಕೆರೆಕುಂಟೆಗಳು ಸಮುದಾಯದ ಸ್ವತ್ತು, ಅವನ್ನು ಕಾಪಾಡಬೇಕೆಂದು ಹೇಳಿತು. ಎಲ್ಲಿಯೋ ಗ್ರಂಥಾಲಯದಲ್ಲಿ ಕುಳಿತು ಬರೆದ ಹಾಳೆಗಳಿಗೂ ನಮ್ಮ ಊರ ಕೆರೆಗೂ ಹೀಗೆ ಸಂಬಂಧ ಬಂತು. ಕರ್ನಾಟಕದ 2011ರ ಅಂತರ್ಜಲ ಕಾಯಿದೆಯ ಪ್ರಕಾರ ಅಧಿಸೂಚಿತ ಪ್ರದೇಶಗಳಲ್ಲಿ ಅನುಮತಿಯಿಲ್ಲದೆ ಬೋರ್‌ವೆಲ್ ಕೊರೆಯಕೂಡದು. ಕಾಯಿದೆ ಕಾಗದದ ಮೇಲಿದೆ; ಕೊರೆಯುವ ಲಾರಿಗಳ ಸದ್ದು ಮಾತ್ರ ನಿಂತಿಲ್ಲ. ಏಕೆ ನಿಂತಿಲ್ಲ ಎಂದು ತಾಲ್ಲೂಕುಗಳಲ್ಲಿ ವಿಚಾರಿಸಿ ಬರೆಯುವುದೂ ಕಾನೂನಿನ ಸಂಶೋಧನೆಯೇ.

ಕಾನೂನಿಗೂ ವಿಜ್ಞಾನಕ್ಕೂ ಒಂದು ದೊಡ್ಡ ವ್ಯತ್ಯಾಸವುಂಟು. ವಿಜ್ಞಾನಿ, ಇನ್ನೂ ಹತ್ತು ವರ್ಷ ಅಳೆಯಬೇಕು ಎನ್ನಬಹುದು. ನ್ಯಾಯಾಧೀಶನಿಗೆ ಅಷ್ಟು ಕಾಯಲಾಗದು. ತಿಳಿದಷ್ಟರ ಮೇಲೆ ಇಂದೇ ತೀರ್ಮಾನಿಸಬೇಕು. ಹಾಗಾದರೆ ಸಂದೇಹವಿದ್ದಾಗ ನಷ್ಟ ಯಾರ ತಲೆಯ ಮೇಲೆ? ತಮಿಳುನಾಡಿನ ವೆಲ್ಲೂರಿನ ಚರ್ಮ ಹದಮಾಡುವ ಕಾರ್ಖಾನೆಗಳ ಮೊಕದ್ದಮೆಯಲ್ಲಿ 1996ರಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ಉತ್ತರ ಹೇಳಿತು. ತನ್ನಿಂದ ಹಾನಿಯಿಲ್ಲವೆಂದು ರುಜುವಾತು ಮಾಡುವ ಹೊಣೆ ಕಾರ್ಖಾನೆಯವರದು. ಕೆಡಿಸಿದವನೇ ಸರಿಪಡಿಸುವ ಖರ್ಚನ್ನೂ ಕೊಡಬೇಕು.

ಈ ಮಾತಿಗೆ ಚಪ್ಪಾಳೆ ತಟ್ಟುವ ಮುನ್ನ ನಮ್ಮ ಊರನ್ನು ನೆನೆಯೋಣ. ದೊಡ್ಡತುಮಕೂರು, ಮಜರಾಹೊಸಹಳ್ಳಿಯ ಕೆರೆಗಳು ಪಟ್ಟಣದ ಕೊಳಚೆಯಿಂದಲೂ ಕೈಗಾರಿಕೆಗಳ ತ್ಯಾಜ್ಯದಿಂದಲೂ ಕೆಟ್ಟಿವೆಯೆಂದು ಅಲ್ಲಿನ ಜನ ವರ್ಷಗಳಿಂದ ಹೋರಾಡುತ್ತಿದ್ದಾರೆ. ಪಟ್ಟಣದ ಕೊಳಚೆ ಎಂದರೆ ನಮ್ಮ ನಿಮ್ಮ ಮನೆಯ ನೀರು. ರೇಷ್ಮೆಯ ಅಂಟು ತೆಗೆದ ಸೋಪಿನ ನೀರು, ನೂಲಿಗೆ ಹಾಕಿ ಉಳಿದ ಬಣ್ಣದ ನೀರು ಎಲ್ಲಿಗೆ ಹೋಗುತ್ತದೆ? ಕೆಡಿಸಿದವನೇ ಕೊಡಬೇಕೆಂಬ ನಿಯಮ ದೊಡ್ಡ ಕಾರ್ಖಾನೆಗೂ ನಾಲ್ಕು ಆಳಿನ ಬಣ್ಣದ ಮನೆಗೂ ಒಂದೇ ರೀತಿ ಬಿದ್ದರೆ, ದೊಡ್ಡವನು ಯಂತ್ರ ತಂದು ಉಳಿಯುವನು, ಸಣ್ಣವನು ಬೀಗ ಹಾಕುವನು. ಕೆರೆ ಕೆಡಲಿ ಎಂದು ನಾವು ಹೇಳುವುದಿಲ್ಲ. ಕೆಳಗಿನ ಊರಿನ ರೈತನೂ ದುಡಿಯುವವನೇ; ಅವನ ಬಾವಿಗೆ ವಿಷ ಹೋಗಿ ನಮ್ಮ ಹೊಟ್ಟೆ ತುಂಬುವುದು ನ್ಯಾಯವಲ್ಲ. ಹತ್ತಾರು ಸಣ್ಣ ಘಟಕಗಳು ಕೂಡಿ ಬಳಸುವ ಶುದ್ಧೀಕರಣ ಸ್ಥಾವರ ಬೇಕು. ಕಡಿಮೆ ನೀರಿನಲ್ಲಿ ಬಣ್ಣ ಹಿಡಿಯುವ ವಿಧಾನ ಬೇಕು. ಬೆಂಗಳೂರಿನಲ್ಲಿ ಕೇಂದ್ರ ರೇಷ್ಮೆ ತಾಂತ್ರಿಕ ಸಂಶೋಧನಾ ಸಂಸ್ಥೆ 1983ರಿಂದ ಇದೆ. ಅಂಥ ಸಂಸ್ಥೆಗಳ ಮುಂದೆ ಈ ಬೇಡಿಕೆಯನ್ನು ನಾವೇ ಇಡಬೇಕು. ಕಾನೂನು ಬಾಗಿಲಿಗೆ ಬರುವ ಮುಂಚೆ ಇಂಜಿನಿಯರಿಂಗ್ ಬಂದರೆ ಮಗ್ಗವೂ ಉಳಿಯುತ್ತದೆ, ಕೆರೆಯೂ ಉಳಿಯುತ್ತದೆ.

ಹಾಗಾದರೆ ನಾವು ಮಾಡಬೇಕಾದುದೇನು? ಮೂರು ಕೆಲಸ ಹೇಳುತ್ತೇವೆ.

ಮೊದಲನೆಯದು, ಯಾರಿಗೆ ಯಾವ ಪ್ರಶ್ನೆ ಎಂಬುದನ್ನು ತಿಳಿದು ಕೇಳುವುದು. ವಿಜ್ಞಾನಿ ಬಂದರೆ, ಎಲ್ಲಿ ಅಳೆದಿರಿ, ಎಷ್ಟು ವರ್ಷ ಅಳೆದಿರಿ, ಬೇರೆ ಕಾರಣಗಳನ್ನು ನೋಡಿದಿರಾ ಎಂದು ಕೇಳಿ. ಇಂಜಿನಿಯರು ಬಂದರೆ, ಕೆಟ್ಟರೆ ಯಾರು ರಿಪೇರಿ ಮಾಡುವರು, ಕರೆಂಟಿನ ಬಿಲ್ಲು ಯಾರು ಕಟ್ಟುವರು ಎಂದು ಕೇಳಿ. ಕಾನೂನಿನವರು ಬಂದರೆ, ಹೊರೆ ಯಾರ ಮೇಲೆ ಬೀಳುತ್ತದೆ, ಸಣ್ಣವನಿಗೆ ಎಷ್ಟು ಕಾಲಾವಕಾಶವಿದೆ ಎಂದು ಕೇಳಿ.

ಎರಡನೆಯದು, ನಮ್ಮ ನೀರನ್ನು ಕುರಿತು ನಡೆದ ಪರೀಕ್ಷೆಗಳ ಫಲಿತಾಂಶ ನಮಗೆ ಕನ್ನಡದಲ್ಲಿ ಸಿಗಬೇಕೆಂದು ಒತ್ತಾಯಿಸುವುದು. ಹೊಸಕೋಟೆಯ ಮಣ್ಣಿನಲ್ಲಿ ಅಳೆದದ್ದನ್ನು ಹೊಸಕೋಟೆಯ ರೈತ ಇಂಗ್ಲಿಷ್ ಪತ್ರಿಕೆಯಲ್ಲಿ ಓದಬೇಕಾದುದು ಯಾವ ನ್ಯಾಯ? ಕೆರೆಯ ನೀರಿನ ಮಾದರಿಗಳ ಫಲಿತಾಂಶವನ್ನು ಮಾಲಿನ್ಯ ನಿಯಂತ್ರಣ ಮಂಡಳಿಯಿಂದ 2005ರ ಮಾಹಿತಿ ಹಕ್ಕು ಕಾಯಿದೆಯ ಮೂಲಕ ಯಾರು ಬೇಕಾದರೂ ಹತ್ತು ರೂಪಾಯಿ ಕಟ್ಟಿ ಕೇಳಬಹುದು. ಕೇಳಿ ತಂದು ನಗರಸಭೆಯ ಮುಂದೆ ಅಂಟಿಸೋಣ.

ಮೂರನೆಯದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಅಗತ್ಯ. ಅರ್ಕಾವತಿಯ ಸಂಶೋಧಕರಿಗೆ ಎದುರಾದ ದೊಡ್ಡ ತೊಡಕು ಹಳೆಯ ಲೆಕ್ಕವಿಲ್ಲದಿರುವುದು. ಯಾವ ಬಾವಿ ಯಾವ ವರ್ಷ ಎಷ್ಟು ಆಳದಲ್ಲಿತ್ತು, ಎಂದು ಬತ್ತಿತು ಎಂಬುದು ಯಾವ ಕಚೇರಿಯಲ್ಲಿಯೂ ಪೂರ್ತಿಯಾಗಿಲ್ಲ. ಅದು ಇರುವುದು ಹಿರಿಯರ ನೆನಪಿನಲ್ಲಿ. ಅವರು ಹೋದರೆ ಅದೂ ಹೋಯಿತು. ಅಂಗಡಿಯವರ ಬಳಿ ಲೆಕ್ಕದ ಪುಸ್ತಕವಿದೆ. ಮಗ್ಗದವರ ಬಳಿ ಗಜದ ಲೆಕ್ಕವಿದೆ. ಪ್ರತಿ ಬೀದಿಗೆ ಒಂದು ನೋಟುಬುಕ್ಕು ಇಡೋಣ. ಬೋರ್‌ವೆಲ್ ಕೊರೆದ ವರ್ಷ, ಆಳ, ನೀರು ಸಿಕ್ಕ ಅಡಿ, ಬತ್ತಿದ ತಿಂಗಳು, ಟ್ಯಾಂಕರಿಗೆ ಕೊಟ್ಟ ಹಣ ಇಷ್ಟನ್ನು ಬರೆಯೋಣ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ನೋಡಿದರೆ ಸಾಕು. ಮುಂದೆ ಬರುವ ವಿಜ್ಞಾನಿಗೆ ಅದು ಅಳತೆ, ಇಂಜಿನಿಯರಿಗೆ ಅದು ಅಂದಾಜು, ನ್ಯಾಯಾಲಯದಲ್ಲಿ ಅದು ಸಾಕ್ಷಿ.

ಈ ಸಭೆಯಿಂದ ಹೋಗುವಾಗ ಪ್ರತಿ ಬೀದಿಯಿಂದ ಒಬ್ಬರು ಹೆಸರು ಕೊಟ್ಟು ಹೋಗಬೇಕೆಂದು ಕೇಳಿಕೊಳ್ಳುತ್ತೇವೆ. ನೋಟುಬುಕ್ಕುಗಳನ್ನು ತಂದಿಟ್ಟಿದ್ದೇವೆ.